ಪಂಚಾಯಿತಿ ಸದಸ್ಯೆಯರ ನಾಯಕತ್ವ ಶಿಬಿರ: ಎರಡನೆಯ ದಿನಕ್ಕಾಗಿ ಹೋಗಬಹುದು

ಗ್ರಾಮ ಪಂಚಾಯಿತಿಯ ಮಹಿಳಾ ಸದಸ್ಯರಿಗಾಗಿ ಖಾಸಗಿ ಸಂಸ್ಥೆಯೊಂದು ತುಮಕೂರು ಜಿಲ್ಲೆಯಲ್ಲಿ ನಡೆಸಿದ ಎರಡು ದಿನಗಳ ನಾಯಕತ್ವ ಶಿಬಿರಕ್ಕೆ, ನಾನು ಮೊದಲ ಸಲ ಆರಿಸಿ ಬಂದ ವರ್ಷ ಹೋಗಿದ್ದೆ. ಊಟ, ವಸತಿ, ಕೈಪಿಡಿ ಎಲ್ಲ ಸೇರಿ ಶುಲ್ಕ 1,200 ರೂಪಾಯಿ. ಅಂಥದೇ ಶಿಬಿರಕ್ಕೆ ಹೋಗಬೇಕೋ ಬೇಡವೋ ಎಂದು ನಮ್ಮ ಕಡೆಯ ಕೆಲವರು ಈಗ ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲ ದಿನ ಪೂರ್ತಿ ನಮಗೆ ಧೈರ್ಯ ತುಂಬುವುದರಲ್ಲೇ ಕಳೆಯಿತು. ಕನ್ನಡಿಯ ಮುಂದೆ ನಿಂತು ಮಾತನಾಡುವುದು, ಎದೆಯೆತ್ತಿ ನಡೆಯುವುದು, ಚೆನ್ನಮ್ಮ, ಓಬವ್ವರ ಕಥೆ. ಓಬವ್ವನ ಮೇಲೆ ನಮಗೆಲ್ಲ ಅಭಿಮಾನವಿದೆ, ಆದರೆ ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೊಠಡಿಗೆ ಒನಕೆ ಹಿಡಿದು ಹೋಗಲಾಗುವುದಿಲ್ಲ. ಗುಂಡ್ಲುಪೇಟೆಯಿಂದ ಮತ್ತೆ ಮತ್ತೆ ಗೆದ್ದು, 1972ರಿಂದ 1978ರವರೆಗೆ ವಿಧಾನಸಭೆಯ ಸಭಾಧ್ಯಕ್ಷರಾಗಿ ಸದನವನ್ನು ನಡೆಸಿದ ಕೆ.ಎಸ್. ನಾಗರತ್ನಮ್ಮನವರ ಹೆಸರು ಇಡೀ ದಿನದಲ್ಲಿ ಒಮ್ಮೆಯೂ ಬರಲಿಲ್ಲ. ನಿಯಮದ ಪುಸ್ತಕ ಹಿಡಿದು ಅಧಿಕಾರ ನಡೆಸಿದ ಹೆಂಗಸಿನ ಉದಾಹರಣೆ ನಮ್ಮಂಥವರಿಗೆ ಹೆಚ್ಚು ಹತ್ತಿರವಾಗುತ್ತಿತ್ತು.

ಹೆಣ್ಣುಮಕ್ಕಳಿಗೆ ಇಲ್ಲದಿರುವುದು ಆತ್ಮವಿಶ್ವಾಸ ಎಂಬ ಎಣಿಕೆಯ ಮೇಲೆಯೇ ಆ ಪಾಠ ನಿಂತಿತ್ತು. ಆದರೆ ನಮ್ಮ ರಾಜ್ಯದಲ್ಲಿ, ಈಗಿನ ಗ್ರಾಮ ಪಂಚಾಯಿತಿಗೆ ಮೊದಲಿದ್ದ ಮಂಡಲ ಪಂಚಾಯಿತಿಯ 1987ರ ಚುನಾವಣೆಯಲ್ಲೇ ಮಹಿಳೆಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಿದ್ದವು. 1993ರ ಕಾಯ್ದೆಯಲ್ಲಿ ಅದು ಮೂರನೆಯ ಒಂದು ಭಾಗವಾಗಿ, 2010ರಲ್ಲಿ ಅರ್ಧಕ್ಕೇರಿತು. ಇಷ್ಟು ವರ್ಷ ಪಂಚಾಯಿತಿಯನ್ನು ಕಂಡ ಹೆಂಗಸರಿರುವ ರಾಜ್ಯದಲ್ಲಿ 2023ರ ವಿಧಾನಸಭೆಗೆ 224 ಸ್ಥಾನಗಳಿಂದ ಆರಿಸಿ ಬಂದವರು 10 ಮಹಿಳೆಯರು ಮಾತ್ರ ಎಂದರೆ, ಮೀಸಲಾತಿ ಇಲ್ಲದ ಕಡೆ ಟಿಕೆಟ್ ಹಂಚುವವರು ಯಾರನ್ನು ಬಿಟ್ಟಿದ್ದಾರೆ ಎಂದು ಕೇಳಬೇಕೇ ಹೊರತು ಕನ್ನಡಿಯ ಮುಂದೆ ನಿಂತು ಪ್ರಯೋಜನವಿಲ್ಲ.

ಇನ್ನೊಂದು ದೂರನ್ನೂ ಹೇಳಲೇಬೇಕು. ಹಿಂದಿನ ಸಾಲಿನಲ್ಲಿ ಏಳೆಂಟು ಮಂದಿ ಗಂಡಂದಿರು ಕುಳಿತಿದ್ದರು, ಅವರಲ್ಲೊಬ್ಬರು ಹಾಜರಿ ಪಟ್ಟಿಯಲ್ಲಿ ಹೆಂಡತಿಯ ಹೆಸರಿನ ಮುಂದೆ ತಾವೇ ಸಹಿ ಮಾಡಿದರು. ಸಂಘಟಕರು ಅದನ್ನು ನೋಡಿಯೂ ಸುಮ್ಮನಿದ್ದರು. ನಾಯಕತ್ವದ ಶಿಬಿರದಲ್ಲೇ ಸಹಿ ಬೇರೆಯವರದಾದರೆ ಪಂಚಾಯಿತಿ ಕಚೇರಿಯಲ್ಲಿ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಅದೇ ಮಧ್ಯಾಹ್ನ ಒಬ್ಬ ಸದಸ್ಯೆ, "ಸ್ತ್ರೀವಾದ ಅಂದ್ರೆ ಗಂಡಸರ ಮೇಲೆ ಜಗಳವಾ ಮೇಡಂ?" ಎಂದು ಕೇಳಿದಾಗ ತರಬೇತುದಾರರು ಅರ್ಧ ಗಂಟೆ ವಿವರಿಸಿದರೂ ಕೇಳಿದಾಕೆಗೆ ಸಮಾಧಾನವಾಗಲಿಲ್ಲ.

ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮರುದಿನ, ಸ್ತ್ರೀವಾದ ಎಂಬ ಪದವನ್ನೇ ಬಳಸದ ಒಬ್ಬ ನಿವೃತ್ತ ಪಂಚಾಯಿತಿ ಕಾರ್ಯದರ್ಶಿಯಿಂದ. ಅವರು ಒಂದು ಹಳೆಯ ನಡವಳಿ ಪುಸ್ತಕವನ್ನು (ಸಭೆಯ ತೀರ್ಮಾನಗಳನ್ನು ಬರೆದಿಡುವ ಪುಸ್ತಕ) ಮೇಜಿನ ಮೇಲೆ ಬಿಡಿಸಿಟ್ಟು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು. ಕೊನೆಯ ಠರಾವು (ನಿರ್ಣಯ) ಮುಗಿದ ಜಾಗಕ್ಕೂ ಸದಸ್ಯರ ಸಹಿಗಳಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ ಖಾಲಿಯಿತ್ತು. "ಅಮ್ಮಾ, ನೀವು ಮನೆಗೆ ಹೋದ ಮೇಲೆ ಇಲ್ಲಿ ಇನ್ನೊಂದು ಠರಾವು ಹುಟ್ಟುತ್ತೆ" ಎಂದರು. ಸಹಿಗೆ ಮೊದಲು ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಯುವುದು, ಒಪ್ಪದ ವಿಷಯಕ್ಕೆ ತಮ್ಮ ವಿರೋಧವನ್ನು ಹೆಸರು ಸಮೇತ ಬರೆಸುವುದು, ಕ್ರಿಯಾ ಯೋಜನೆಯಲ್ಲಿ (ಪಂಚಾಯಿತಿ ಕೈಗೊಳ್ಳುವ ಕಾಮಗಾರಿಗಳ ಪಟ್ಟಿ) ತಮ್ಮ ವಾರ್ಡಿನ ಕಾಮಗಾರಿ ಯಾವ ಅನುದಾನಕ್ಕೆ ಸೇರಿದೆ ಎಂದು ಹುಡುಕುವುದು, ಅಧ್ಯಕ್ಷೆಯಾದವರು ಡಿಜಿಟಲ್ ಸಹಿಯ ಡೋಂಗಲನ್ನು (ಸಹಿ ಹಾಕಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ) ಗಂಡನ ಜೇಬಿಗೂ ಕಚೇರಿಯ ಡ್ರಾಯರಿಗೂ ಬಿಡದೆ ತಮ್ಮ ಬಳಿಯೇ ಇಟ್ಟುಕೊಳ್ಳುವುದು, ಇವಿಷ್ಟನ್ನು ಅವರು ನಾವು ಕೈಯಾರೆ ಮಾಡುವವರೆಗೆ ಬಿಡಲಿಲ್ಲ. ಹಿಂದಿನ ದಿನ ಮೈಕ್ ಹಿಡಿಯಲು ನಾಚಿದ್ದವರೇ ಅಂದು ಊಟದ ಹೊತ್ತು ಮೀರಿದರೂ ಪ್ರಶ್ನೆ ನಿಲ್ಲಿಸಲಿಲ್ಲ.

ಮುಂದಿನ ಸಾಮಾನ್ಯ ಸಭೆಯಲ್ಲಿ ನಾನು ಗೆರೆ ಎಳೆದಾಗ ಬಿಲ್ ಕಲೆಕ್ಟರ್ "ಇದೇನಕ್ಕಾ, ಪುಸ್ತಕ ಹಾಳಾಗುತ್ತೆ" ಎಂದರು. ಪಕ್ಕದಲ್ಲಿದ್ದ ಸದಸ್ಯೆ ನನ್ನ ಪೆನ್ನು ತೆಗೆದುಕೊಂಡು ಹಿಂದಿನ ಪುಟದಲ್ಲಿದ್ದ ಖಾಲಿ ಜಾಗಕ್ಕೂ ಒಂದು ಗೆರೆ ಎಳೆದರು.

ವಸತಿ ಸಾಧಾರಣ, ಹತ್ತು ಜನಕ್ಕೆ ಒಂದು ಶೌಚಾಲಯ, ಮಗುವನ್ನು ಕರೆತಂದವರಿಗೆ ಬೇರೆ ಕೋಣೆಯಿಲ್ಲ. ಮುದ್ದೆ, ಬಸ್ಸಾರು ಚೆನ್ನಾಗಿತ್ತು. ಕೈಪಿಡಿಯಲ್ಲಿ ಮಾದರಿಗೆ ಕೊಟ್ಟಿರುವ ಕ್ರಿಯಾ ಯೋಜನೆಯ ಜೆರಾಕ್ಸ್ ಅಂಕಿಯೂ ಕಾಣದಷ್ಟು ಮಸುಕಾಗಿದೆ. ಆದ್ದರಿಂದ ಹೋಗುವವರು ತಮ್ಮ ಪಂಚಾಯಿತಿಯದೇ ಪ್ರತಿಯನ್ನು ಕೇಳಿ ಪಡೆದು ಜೊತೆಗೆ ಒಯ್ಯುವುದು ಒಳ್ಳೆಯದು. ಪ್ರತಿ ಕೊಡಲು ಕಚೇರಿಯಲ್ಲಿ ಎಷ್ಟು ದಿನ ಓಡಾಡಿಸುತ್ತಾರೆ ಎಂಬುದನ್ನೂ ಬರೆದಿಟ್ಟುಕೊಂಡರೆ ಎರಡನೆಯ ದಿನ ಕೇಳಲು ಮೊದಲ ಪ್ರಶ್ನೆ ಸಿದ್ಧವಿರುತ್ತದೆ.