ಬೆಳಗಾವಿ ಸ್ಟೇಷನ್: ಕಟ್ಟಡಕ್ಕೆ ಐದು ಸ್ಟಾರ್, ದಾರಿಗೆ ಮೂರು

ಬೆಳಗಾವಿಯ ಹೊಸ ರೈಲ್ವೆ ಸ್ಟೇಷನ್ ನನಗೆ ತುಂಬಾ ಇಷ್ಟವಾಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸುಮಾರು 190 ಕೋಟಿ ರೂಪಾಯಿ ಖರ್ಚಿನ ಕಟ್ಟಡ, 2023ರ ಫೆಬ್ರವರಿ 27ರಂದು ಪ್ರಧಾನಿಯವರು ಉದ್ಘಾಟಿಸಿದ್ದು. ಒಳಗೆ ಗಾಳಿ ಬೆಳಕು ಚೆನ್ನಾಗಿದೆ. ಹಬ್ಬದ ರಷ್‌ನಲ್ಲೂ ಲಗೇಜ್ ಇಟ್ಟುಕೊಂಡು ನಿಲ್ಲೋಕೆ ಜಾಗ ಸಿಗುತ್ತದೆ. ವಯಸ್ಸಾದವರ ಜೊತೆ ಹೋಗುವವರಿಗೆ ಲಿಫ್ಟ್ ಇದೆ. ಹಳೇ ಕಟ್ಟಡ ನೋಡಿದವರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ಆದರೆ ಸ್ಟೇಷನ್ನಿಗೆ ಮಾರ್ಕ್ಸ್ ಕೊಡುವಾಗ ಅಲ್ಲಿಂದ ಹಳಿ ಯಾವ ಕಡೆ ಹೋಗುತ್ತದೆ ಅಂತಲೂ ನೋಡಬೇಕಲ್ವಾ? ಇಲ್ಲಿಂದ ಧಾರವಾಡಕ್ಕೆ ಹೆದ್ದಾರಿ ಹಿಡಿದರೆ ಸುಮಾರು 80 ಕಿಲೋಮೀಟರ್. ಬಸ್ಸು ಕಿತ್ತೂರಿನ ಮೇಲೆ ಸೀದಾ ಹೋಗುತ್ತದೆ. ರೈಲು ಹಾಗಲ್ಲ. ಅದು ಖಾನಾಪುರ ದಾಟಿ ಕಾಡೊಳಗೆ ಲೋಂಡಾಕ್ಕೆ ಇಳಿದು, ಅಲ್ಲಿಂದ ಅಳ್ನಾವರ ಮುಟ್ಟಿ ಆಮೇಲೆ ಧಾರವಾಡಕ್ಕೆ ಬರುತ್ತದೆ. ಸುಮಾರು 120 ಕಿಲೋಮೀಟರ್ ಆಗುತ್ತದೆ. ಹೊಸಬರು ಇದನ್ನು ನೋಡಿ ಯಾಕೆ ಇಷ್ಟು ಸುತ್ತು ಅಂತ ಕೇಳುತ್ತಾರೆ. ಕಾರಣ ಈ ಸ್ಟೇಷನ್ನಿನ ಇತಿಹಾಸದಲ್ಲೇ ಇದೆ.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಕಡೆ ಹಳಿ ಹಾಕಿಸಿತು. 1876–78ರ ಭೀಕರ ಬರ ಆಗ ತಾನೇ ಮುಗಿದಿತ್ತು, ಬರದ ನಾಡಿಗೆ ಕಾಳು ಸಾಗಿಸೋಕೆ ರೈಲು ಬೇಕೇ ಬೇಕು ಅನ್ನುವ ಮಾತು ಜೋರಾಗಿತ್ತು. ಅದರ ಜೊತೆಗೆ ವ್ಯಾಪಾರ. ಧಾರವಾಡ, ಗದಗ ಸೀಮೆಯ ಹತ್ತಿ ಹಡಗು ಹತ್ತಬೇಕು ಅಂದರೆ ಗೋವಾದ ಮಾರ್ಮಗೋವಾ ಬಂದರು ಹತ್ತಿರ. ಹಾಗಾಗಿ ಎಲ್ಲ ಹಳಿಯೂ ಲೋಂಡಾದಲ್ಲಿ ಕೂಡಿದವು: ಒಂದು ಧಾರವಾಡ, ಹುಬ್ಬಳ್ಳಿ ಕಡೆಗೆ, ಒಂದು ಕ್ಯಾಸಲ್‌ರಾಕ್ ಗಡಿ ದಾಟಿ ಪೋರ್ಚುಗೀಸರ ಗೋವಾಕ್ಕೆ, ಇನ್ನೊಂದು ಬೆಳಗಾವಿ ಹಾದು ಮಿರಜ, ಪುಣೆಗೆ. ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವವರ ಅನುಕೂಲ ಆ ಲೆಕ್ಕದಲ್ಲಿ ಮುಖ್ಯವಾಗಿರಲಿಲ್ಲ. ಆಗ ಬಿದ್ದ ಹಳಿಯ ಮೇಲೇ ನಾವು ಇವತ್ತಿಗೂ ಸುತ್ತುತ್ತಿದ್ದೇವೆ.

ಅದೇ ಹಳಿ ಒಬ್ಬ ದೊಡ್ಡ ಪ್ರಯಾಣಿಕರನ್ನೂ ಕರೆದುಕೊಂಡು ಹೋಯಿತು. 1892ರ ಅಕ್ಟೋಬರ್‌ನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದಿದ್ದರು. ಆಗಿನ್ನೂ ಷಿಕಾಗೋ ಭಾಷಣ ಆಗಿರಲಿಲ್ಲ, ಊರೂರು ತಿರುಗುವ ಒಬ್ಬ ಯುವ ಸನ್ಯಾಸಿ ಅಷ್ಟೇ. ಮೊದಲು ಭಾಟೆ ಎಂಬ ವಕೀಲರ ಮನೆ, ಆಮೇಲೆ ಅರಣ್ಯಾಧಿಕಾರಿ ಹರಿಪದ ಮಿತ್ರ ಅವರ ಮನೆ. ಹೊರಡುವ ದಿನ ಮಾರ್ಮಗೋವಾಕ್ಕೆ ಟಿಕೆಟ್ ತೆಗೆಸಿ, ರೈಲಿನಲ್ಲಿ ಕೂರಿಸಿ, ನಮಸ್ಕಾರ ಮಾಡಿ ಕಳಿಸಿದ್ದು ಇದೇ ಹರಿಪದ ಮಿತ್ರ. ಅವರು ಅದನ್ನು ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ. ಕೋಟೆಯೊಳಗಿನ ಆ ಮನೆ ಈಗ ರಾಮಕೃಷ್ಣ ಆಶ್ರಮದ ಸ್ಮಾರಕ, ಬಿಡುವಿದ್ದರೆ ಖಂಡಿತ ನೋಡಿ ಬನ್ನಿ. ಪ್ಲಾಟ್‌ಫಾರ್ಮ್ ಮೇಲೆ ಲೋಂಡಾ ಕಡೆ ಮುಖ ಮಾಡಿ ನಿಂತಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಪ್ಲಾಟ್‌ಫಾರ್ಮ್ ತುದಿಯ ಹಳದಿ ಬೋರ್ಡಿನ ತನಕ ಒಮ್ಮೆ ನಡೆದು ಹೋಗಿ. ಕಪ್ಪು ಅಕ್ಷರದಲ್ಲಿ ಊರಿನ ಹೆಸರು, ಅದರ ಕೆಳಗೆ ಸಣ್ಣದಾಗಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನುವ ಲೆಕ್ಕ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಅಷ್ಟೂ ಎತ್ತರವನ್ನು ಆ ಕಾಲದ ಉಗಿಬಂಡಿ ಘಟ್ಟ ಇಳಿದು ಸಮುದ್ರದ ದಡಕ್ಕೆ ಮುಟ್ಟಿಸುತ್ತಿತ್ತು.

1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅವರು ಅಧ್ಯಕ್ಷರಾಗಿದ್ದ ಅಧಿವೇಶನ ಅದೊಂದೇ. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ನಡೆಸಿದ್ದು. ಅದರ ನೆನಪಿನ ಕಾಂಗ್ರೆಸ್ ರೋಡ್ ಟಿಳಕವಾಡಿಯಲ್ಲಿ ಹಳಿಯ ಪಕ್ಕಕ್ಕೇ ಇದೆ, ಆಗ ನೀರಿಗಾಗಿ ತೋಡಿದ ಕಾಂಗ್ರೆಸ್ ಬಾವಿಯೂ ಇದೆ. ಇಲ್ಲಿಯ ಜನ ಇವತ್ತಿಗೂ ಮನೆ ಗುರುತು ಹೇಳುವುದು ಒಂದನೇ ಗೇಟು, ಎರಡನೇ ಗೇಟು, ಮೂರನೇ ಗೇಟು ಅಂತಲೇ. ಗೇಟು ಬಿದ್ದಾಗ ಒಮ್ಮೆ ನಿಂತು ನೋಡಿ: ಬೈಕುಗಳೆಲ್ಲ ಒಂದರ ಹಿಂದೊಂದು ಬಂದ್ ಆಗುತ್ತವೆ, ಕಾಲೇಜು ಹುಡುಗರು ಹಾರ್ನ್ ಬಿಟ್ಟು ಮಾತಿಗೆ ಶುರು ಹಚ್ಚುತ್ತಾರೆ, ಆಮೇಲೆ ರೈಲು ಬರುತ್ತದೆ.

ನಮ್ಮ ಕಾಕಾ ಮೀಟರ್ ಗೇಜ್ ಕಾಲದವರು, ಅಂದರೆ ಹಳಿಯ ಅಗಲ ಕಡಿಮೆ ಇದ್ದ ಕಾಲದವರು. ಪುಣೆ–ಮಿರಜ ನಡುವೆ 1971ರಲ್ಲೇ ಅಗಲ ಹಳಿ, ಅಂದರೆ ಬ್ರಾಡ್‌ಗೇಜ್ ಆಯಿತು, ನಮ್ಮ ಕಡೆ ಆಗೋಕೆ 1990ರ ದಶಕ ಬರಬೇಕಾಯಿತು. ಅಲ್ಲಿ ತನಕ ಮುಂಬೈಗೆ ಹೋಗುವವರು ಮಿರಜದಲ್ಲಿ ಗಂಟುಮೂಟೆ ಇಳಿಸಿ ಬೇರೆ ಗಾಡಿ ಹತ್ತಬೇಕು. "ಮಿರಜ ಬಂತು ಅಂದರೆ ಮಕ್ಕಳನ್ನ ಎಬ್ಬಿಸೋದೇ ಒಂದು ಕೆಲಸ ಆಗಿತ್ತಪ್ಪಾ" ಅಂತ ಅವರು ಹೇಳುತ್ತಿದ್ದರು. ಇವತ್ತು ಪುಣೆ–ಹುಬ್ಬಳ್ಳಿ ವಂದೇ ಭಾರತ್ ಇಲ್ಲಿ ನಿಂತು ಹೋಗುತ್ತದೆ, 2025ರ ಆಗಸ್ಟ್‌ನಿಂದ ಬೆಂಗಳೂರಿಗೇ ಒಂದು ವಂದೇ ಭಾರತ್ ಹೊರಡುತ್ತದೆ. ಜೋಡಿಹಳಿಯೂ ಬಂದಿದೆ. ಇದೆಲ್ಲ ಸಣ್ಣ ಸಾಧನೆ ಅಲ್ಲ.

ಆದರೂ ದಾರಿಗೆ ಮೂರೇ ಸ್ಟಾರ್. ಕಿತ್ತೂರು ಮೇಲೆ ಧಾರವಾಡಕ್ಕೆ 73 ಕಿಲೋಮೀಟರ್‌ನ ನೇರ ಮಾರ್ಗ ಆಗಬೇಕು ಅಂತ ನಮ್ಮ ಸಂಸದರಾಗಿದ್ದ ಸುರೇಶ ಅಂಗಡಿಯವರು ರೈಲ್ವೆ ರಾಜ್ಯ ಸಚಿವರಾದ ಮೇಲೆ ಪಟ್ಟು ಹಿಡಿದಿದ್ದರು. 2020ರಲ್ಲಿ ಅವರು ತೀರಿಕೊಂಡರು. ಆ ಹಳಿಯ ಮೇಲೆ ಗಾಡಿ ಓಡಿದ ದಿನ ಉಳಿದ ಎರಡು ಸ್ಟಾರ್ ನಾನೇ ಬಂದು ಹಾಕುತ್ತೇನೆ.

ಅಲ್ಲಿ ತನಕ ನನ್ನ ಸಲಹೆ ಇಷ್ಟು. ಧಾರವಾಡ, ಹುಬ್ಬಳ್ಳಿಗೆ ಅರ್ಜೆಂಟ್ ಇದ್ದರೆ ಬಸ್ ಹಿಡಿಯಿರಿ. ಬೆಂಗಳೂರಿಗೆ ರಾತ್ರಿ ಮಲಗಿ ಹೋಗೋಕೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಇದೆ. ಸುಮ್ನೆ ಒಂದು ಪ್ರಯಾಣ ಮಾಡಬೇಕು ಅನ್ನಿಸಿದರೆ ಮಳೆಗಾಲದಲ್ಲಿ ವಾಸ್ಕೋ ಕಡೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಹತ್ತಿ. ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ್, ಅದೇ ಹಳೇ ದಾರಿ. ಟಿಕೆಟ್ ಮಾತ್ರ ಮೊದಲೇ ಮಾಡಿಸಿಕೊಳ್ಳಿ, ಆ ಸೀಸನ್‌ನಲ್ಲಿ ಬೇಗ ತುಂಬುತ್ತದೆ.