ದವಡೆನೋವು, ತಲೆನೋವು ಕಲಿಯಲು: ಕಾರ್ಯಾಗಾರವೋ, ಆನ್‌ಲೈನ್ ಕೋರ್ಸೋ, ಒಪಿಡಿಯೋ?

ಹಲ್ಲುನೋವೆಂದು ಬಂದವರಿಗೆಲ್ಲ ನೋವಿನ ಮೂಲ ಹಲ್ಲಿನಲ್ಲೇ ಇರುವುದಿಲ್ಲ. ಟ್ರೈಜೆಮಿನಲ್ ನ್ಯೂರಾಲ್ಜಿಯಾ (ಮುಖದ ನರದಿಂದ ಹೊಮ್ಮುವ ಶಾಕ್ ಹೊಡೆದಂಥ ನೋವು) ಇರುವವರು ಒಂದೆರಡು ಒಳ್ಳೆಯ ಹಲ್ಲು ಕೀಳಿಸಿಕೊಂಡ ಮೇಲೂ ಅದೇ ನೋವು ಹೊತ್ತು ಬರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾವು ದಂತವೈದ್ಯರು ಓದುವ ಬಿಡಿಎಸ್ ಪಾಠದಲ್ಲಿ ಈ ವಿಷಯ ಬೇಗ ಮುಗಿದುಹೋಗುತ್ತದೆ. ಉಳಿದದ್ದನ್ನು ಕ್ಲಿನಿಕ್ ನಡೆಸುತ್ತಲೇ ಕಲಿಯಬೇಕು. ವಾರಾಂತ್ಯದ ಕಾರ್ಯಾಗಾರ, ಆನ್‌ಲೈನ್ ಕೋರ್ಸ್, ನರರೋಗ ವಿಭಾಗದ ತಲೆನೋವು ಒಪಿಡಿ, ಈ ಮೂರನ್ನೂ ನಾನು ಮಾಡಿ ನೋಡಿದ್ದೇನೆ.

ಕಾರ್ಯಾಗಾರದ ಲಾಭ ಬೆರಳಿಗೆ. ದವಡೆಕೀಲು ಮತ್ತು ಅಗಿಯುವ ಸ್ನಾಯುಗಳ ತೊಂದರೆ ಗುರುತಿಸುವ 2014ರ ಡಿಸಿ/ಟಿಎಂಡಿ ಮಾನದಂಡದ ಪ್ರಕಾರ ಕೆನ್ನೆಯ ಮ್ಯಾಸೆಟರ್ ಮತ್ತು ಕಣತಲೆಯ ಟೆಂಪೊರಾಲಿಸ್ ಸ್ನಾಯುಗಳನ್ನು ಒಂದು ಕಿಲೋ ಬಲದಿಂದ ಒತ್ತಬೇಕು. ದವಡೆಕೀಲಿನ ಹೊರತುದಿಗೆ ಅರ್ಧ ಕಿಲೋ ಸಾಕು. ಈ ಹದ ಓದಿದರೆ ಬರುವುದಿಲ್ಲ, ತಕ್ಕಡಿಯ ಮೇಲೆ ಬೆರಳೊತ್ತಿಯೇ ಬರಬೇಕು. ಒತ್ತಿದಾಗ ನೋವಾಯಿತೇ ಎಂದು ಕೇಳಿ ನಿಲ್ಲಿಸಬಾರದು, ‘ನಿಮಗೆ ದಿನವೂ ಕಾಡುವ ನೋವು ಇದೇ ಏನು?’ ಎಂದೂ ಕೇಳಬೇಕು ಎಂಬುದನ್ನು ಅಲ್ಲಿ ಚೆನ್ನಾಗಿ ರೂಢಿ ಮಾಡಿಸಿದರು. ಆದರೆ ಶುಲ್ಕ ದುಬಾರಿ. ಊಟದ ನಂತರದ ಹೊತ್ತೆಲ್ಲ ಸ್ಪ್ಲಿಂಟ್ (ಹಲ್ಲಿನ ಮೇಲೆ ತೊಡುವ ಕವಚ) ತಯಾರಿಕೆಗೇ ಹೋಯಿತು. ಮೇಲು-ಕೆಳ ಹಲ್ಲು ಕೂಡುವ ಕಚ್ಚು ಸರಿಪಡಿಸಲು ಹಲ್ಲು ತೇಯುವುದನ್ನು ಚಿಕಿತ್ಸೆಯೆಂದು ಹೇಳಿಕೊಡುವ ಕಡೆ ಹೋಗಲೇಬೇಡಿ. ತೇಯ್ದ ಹಲ್ಲು ಮರಳಿ ಬರುವುದಿಲ್ಲ.

ಆನ್‌ಲೈನ್ ಕೋರ್ಸ್ ಅಗ್ಗ, ರಾತ್ರಿ ಬಿಡುವಾದಾಗ ನೋಡಬಹುದು. ಆದರೆ ಅದರಲ್ಲಿ ಹೇಳಿದ್ದರ ಬಹುಪಾಲು 2018ರ ತಲೆನೋವು ವರ್ಗೀಕರಣ ಐಸಿಎಚ್‌ಡಿ-3 ಮತ್ತು 2020ರ ಮುಖನೋವು ವರ್ಗೀಕರಣ ಐಸಿಒಪಿಯಲ್ಲೇ ಇದೆ. ಎರಡೂ ಉಚಿತವಾಗಿ ಸಿಗುತ್ತವೆ.

ನನ್ನ ಮತ ಒಪಿಡಿಗೆ. ತಲೆಯ ಒಂದೇ ಬದಿಗೆ ತೀವ್ರವಾಗಿ ಬರುವ ಕ್ಲಸ್ಟರ್ ತಲೆನೋವು ಒಂದು ಸಲ ಬಂದರೆ 15ರಿಂದ 180 ನಿಮಿಷ ಇರುತ್ತದೆ ಎಂದು ಪುಸ್ತಕ ಹೇಳುತ್ತದೆ. ಒಂದೇ ಕಣ್ಣು ಕೆಂಪಾಗಿ ನೀರು ಸುರಿಯುತ್ತ, ಕುಳಿತಲ್ಲಿ ಕೂರಲಾರದೆ ಶತಪಥ ಹಾಕುವವರನ್ನು ಕಣ್ಣಾರೆ ಕಂಡರೆ, ಮುಂದೆ ಮೇಲ್ದವಡೆಯ ನೋವೆಂದು ಬಂದವರಲ್ಲೂ ಅದು ಹೊಳೆಯುತ್ತದೆ. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ಅಗಿಯುತ್ತಿದ್ದಂತೆ ದವಡೆ ಸೋತು ನೋಯುತ್ತಿದ್ದರೆ ಜೈಂಟ್ ಸೆಲ್ ಆರ್ಟರೈಟಿಸ್ (ತಲೆಯ ರಕ್ತನಾಳಗಳ ಉರಿಯೂತ) ಇರಬಹುದು. ತಡವಾದರೆ ದೃಷ್ಟಿಯೇ ಹೋಗಬಹುದು. ಅಂಥವರನ್ನು ಅಂದೇ ವೈದ್ಯರ ಬಳಿ ಕಳುಹಿಸಬೇಕೆಂಬ ತುರ್ತು ನನ್ನ ಮನಸ್ಸಿನಲ್ಲಿ ನಾಟಿದ್ದು ಅಲ್ಲಿಯೇ. ತಿಂಗಳಲ್ಲಿ ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು ಪ್ಯಾರಾಸಿಟಮಾಲ್ ನುಂಗುತ್ತ ಹೋದರೆ ಮಾತ್ರೆಯೇ ತಲೆನೋವು ತರಬಹುದು. ಅಲ್ಲಿನ ವೈದ್ಯರು ಪ್ರತಿಯೊಬ್ಬರಿಗೂ ಮಾತ್ರೆಯ ಲೆಕ್ಕ ಕೇಳುತ್ತಿದ್ದರು. ಈಗ ನಾನೂ ಕೇಳುತ್ತೇನೆ.

ತೊಂದರೆಯೂ ಇದೆ. ಅನುಮತಿ ಸುಲಭಕ್ಕೆ ಸಿಗುವುದಿಲ್ಲ, ಅಷ್ಟು ದಿನ ಕ್ಲಿನಿಕ್ ಮುಚ್ಚಬೇಕು, ನನಗಂತೂ ಸಿಡಿಇ (ದಂತವೈದ್ಯರ ಮುಂದುವರಿದ ಶಿಕ್ಷಣ) ಅಂಕ ಒಂದೂ ಬರಲಿಲ್ಲ. ನೋಂದಣಿ ನವೀಕರಣಕ್ಕೆ ಅಂಕ ಬೇಕಾದವರು ಕಾರ್ಯಾಗಾರಕ್ಕೆ ಹೋಗಲೇಬೇಕಾಗಬಹುದು. ಹಾಗಿದ್ದರೆ ಹಣ ಕಟ್ಟುವ ಮೊದಲು ವೇಳಾಪಟ್ಟಿ ತರಿಸಿಕೊಂಡು, ರೋಗಿಯ ಪರೀಕ್ಷೆಗೆ ಎಷ್ಟು ಗಂಟೆ, ಸ್ಪ್ಲಿಂಟಿಗೆ ಎಷ್ಟು ಗಂಟೆ ಎಂದು ನೋಡಿ.