ಸಿಗರೇಟ್ ಬಿಡಲು ಗಮ್ಮೋ, ಪ್ಯಾಚೋ? ಬಾಯಿ, ಹೊಟ್ಟೆಯ ಲೆಕ್ಕದಲ್ಲಿ

ಸಿಗರೇಟ್ ಬಿಡುವಾಗ ನಾನು ಮೊದಲು ನಿಕೋಟಿನ್ ಗಮ್ ಬಳಸಿದೆ, ಆಮೇಲೆ ಚರ್ಮಕ್ಕೆ ಅಂಟಿಸುವ ಪ್ಯಾಚ್. ಎರಡರಲ್ಲೂ ಇರುವುದು ಒಂದೇ ನಿಕೋಟಿನ್, ಮೈಯೊಳಗೆ ಇಳಿಯುವ ದಾರಿ ಮಾತ್ರ ಬೇರೆ.

ಗಮ್ಮನ್ನು ಸುಮ್ನೆ ಜಗಿಯುತ್ತಾ ಇರಬಾರದು. ಬಾಯಿ ಚುರುಗುಟ್ಟುವವರೆಗೆ ನಿಧಾನವಾಗಿ ಅಗಿದು, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಅವಸರ ಮಾಡಿದರೆ ಎಂಜಲಿನ ಜೊತೆ ನಿಕೋಟಿನ್ ಹೊಟ್ಟೆಗೆ ಹೋಗುತ್ತದೆ. ನನಗೆ ಬಿಕ್ಕಳಿಕೆ, ಎದೆಯುರಿ ಎರಡೂ ಬಂದವು. ಕಾಫಿ ಕುಡಿದು 15 ನಿಮಿಷ ಕಾಯಲೇಬೇಕು. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಸರಿಯಾಗಿ ಒಳಗಿಳಿಯುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇದ್ದದ್ದು ಒಸಡಿನದು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಸಿಗರೇಟ್ ಸೇದುವವರಿಗೆ ಒಸಡಿನ ರೋಗವಿದ್ದರೂ ರಕ್ತ ಅಷ್ಟಾಗಿ ಬರದೆ ಇರುವುದಕ್ಕೆ ಇದೂ ಒಂದು ಕಾರಣ. ಹಲ್ಲು ಹುಳುಕಾಗಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾ ನಿಕೋಟಿನ್ ಇದ್ದಾಗ ಹೆಚ್ಚು ದಪ್ಪ ಪದರವಾಗಿ ಬೆಳೆಯುವುದನ್ನು ಲ್ಯಾಬ್‌ಗಳಲ್ಲಿ ನೋಡಿದ್ದಾರೆ. ಅದಕ್ಕೇ ಗಮ್ಮನ್ನು ಒಂದೇ ಕಡೆ ಇಡದೆ ಜಾಗ ಬದಲಿಸುತ್ತಿದ್ದೆ.

ಪ್ಯಾಚ್‌ನಲ್ಲಿ ಈ ತಾಪತ್ರಯವಿಲ್ಲ. 21, 14, 7 ಮಿಲಿಗ್ರಾಂ ಎಂದು ಹಂತಹಂತವಾಗಿ ಇಳಿಸಬಹುದು. ಚರ್ಮ ಕೆಂಪಾಗಿ ತುರಿಸಿತು, ರಾತ್ರಿ ವಿಚಿತ್ರ ಕನಸು ಬಿದ್ದವು. ಊಟವಾದ ಮೇಲೆ ಥಟ್ಟನೆ ಬರುವ ಚಟಕ್ಕೆ ಇದು ಬಲು ನಿಧಾನ.

ರೋಗನಿರೋಧಕ ಶಕ್ತಿಯ ವಿಷಯದಲ್ಲಿ ಎರಡೂ ಒಂದೇ, ಯಾಕೆಂದರೆ ಎರಡರಿಂದಲೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶಗಳ ಮೇಲೆ ನಿಕೋಟಿನ್ ಕೂರುವ ಜಾಗವಿದೆ. ಅಲ್ಲಿ ಕೂತರೆ ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನ್ ಕಡಿಮೆಯಾಗುತ್ತದೆ ಎಂದು ಅಮೆರಿಕದ ಸಂಶೋಧಕ ಕೆವಿನ್ ಟ್ರೇಸಿ ಅವರ ತಂಡ 2003ರಲ್ಲಿ ತೋರಿಸಿತು. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದ್ದವರಿಗೆ ಪ್ಯಾಚ್ ಹಚ್ಚಿ ನೋಡಿದ 1994ರ ಪ್ರಯೋಗದಲ್ಲಿ ಸ್ವಲ್ಪ ಗುಣ ಕಂಡಿತ್ತು. ಅದರರ್ಥ ನಿಕೋಟಿನ್ ಔಷಧಿ ಅಂತಲ್ಲ. ಉರಿಯೂತ ತಗ್ಗಿಸುವುದು ಬೇರೆ, ಶಕ್ತಿ ಹೆಚ್ಚಿಸುವುದು ಬೇರೆ ಅಲ್ವಾ? ಕರುಳಿನ ಇನ್ನೊಂದು ಉರಿಯೂತದ ರೋಗವಾದ ಕ್ರೋನ್ಸ್ ಕಾಯಿಲೆಯಂತೂ ಸಿಗರೇಟಿನಿಂದ ಇನ್ನೂ ಕೆಡುತ್ತದೆ.

ಇವೆರಡರಲ್ಲಿ ಯಾವುದೇ ಆದರೂ ಹೊಗೆಗಿಂತ ಎಷ್ಟೋ ಮೇಲು. ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ. 2016ರ ಒಂದು ಅಮೆರಿಕನ್ ಅಧ್ಯಯನ 1,200ಕ್ಕೂ ಹೆಚ್ಚು ಜನರ ಬಾಯಿಯ ಬ್ಯಾಕ್ಟೀರಿಯಾ ಪರೀಕ್ಷಿಸಿತು. ಸೇದುವವರ ಬಾಯಿ ಬೇರೆಯೇ ಆಗಿತ್ತು. ಬಿಟ್ಟವರದು, ಎಂದೂ ಸೇದದವರಂತೆಯೇ ಇತ್ತು. ಇದನ್ನು ಓದಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಬಾಯಿಹುಣ್ಣು, ಒಸಡಿನ ತೊಂದರೆ, ಆಸಿಡಿಟಿ ಇದ್ದವರಿಗೆ ನನ್ನ ಆಯ್ಕೆ ಪ್ಯಾಚ್. ಥಟ್ಟನೆ ಬರುವ ಚಟಕ್ಕೆ ಗಮ್. ಎರಡನ್ನೂ ಒಟ್ಟಿಗೆ ಕೊಡುವ ವೈದ್ಯರೂ ಇದ್ದಾರೆ, ಆದರೆ ಪ್ರಮಾಣ ಅವರೇ ಹೇಳಬೇಕು. ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಕೇಳದೆ ಶುರುಮಾಡಬೇಡಿ.